ಪಾನಕದ ಬಂಡಿ

ಸುಗ್ಗಿ ಮುಗಿದು, ಕಣ ಖಾಲಿಯಾಗಿ, ಫೆಬ್ರವರಿಯ ಬಿಸಿಲು ಏರುವ ಹೊತ್ತಿಗೆ ನಮ್ಮ ಸೀಮೆಯಲ್ಲಿ ಒಂದೇ ಮಾತು: ಅಂತರಘಟ್ಟೆ ಜಾತ್ರೆ. ತರೀಕೆರೆಯದು ಅಡಿಕೆ ತೋಟದ ಅರೆಮಲೆನಾಡು, ಕಡೂರಿನದು ತೆಂಗು-ರಾಗಿಯ ನೆಲ, ಅಜ್ಜಂಪುರದ್ದು ಈರುಳ್ಳಿ ಬೆಳೆಯುವ ಬಯಲು. ಊಟವೂ ಮಾತೂ ಸ್ವಲ್ಪ ಸ್ವಲ್ಪ ಬೇರೆಯಾದ ಈ ಮೂರು ಕಡೆಯವರನ್ನು ಒಂದೇ ದಾರಿಗೆ ತರುವವಳು ದುರ್ಗಾಂಬೆ. ಸಿಂಗರಿಸಿದ ಎತ್ತಿನ ಗಾಡಿಗಳು ಸಾಲುಗಟ್ಟಿ ಅವಳ ಸನ್ನಿಧಿಗೆ ಹೊರಡುತ್ತವೆ. ಅವಕ್ಕೆ ನಾವು ಪಾನಕದ ಬಂಡಿ ಎನ್ನುತ್ತೇವೆ.

ಈ ಬಂಡಿಗಳ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ (1673-1704) ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳಲು 'ಬೆಣ್ಣೆ ಚಾವಡಿ' ಎಂಬ ಇಲಾಖೆ ಇತ್ತು. ಅರಮನೆಗೆ ಹಾಲು-ಬೆಣ್ಣೆ ಒದಗಿಸುತ್ತಿದ್ದ ಆ ಚಾವಡಿಗೆ ಟಿಪ್ಪು ಸುಲ್ತಾನ್ 'ಅಮೃತ ಮಹಲ್' ಎಂದು ಹೆಸರಿಟ್ಟ. ಆ ಎತ್ತುಗಳು ಸೈನ್ಯದ ಫಿರಂಗಿ, ಸಾಮಾನು ಎಳೆದವು. 1799ರ ನಂತರ ಅವು ಇಂಗ್ಲಿಷರ ಕೈಸೇರಿದವು. ಖರ್ಚು ಹೆಚ್ಚೆಂದು 1860ರಲ್ಲಿ ಮಂದೆಯನ್ನೇ ಮಾರಿದ ಸರ್ಕಾರ, ಒಳ್ಳೆಯ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. 1929ರಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನಾ ಕೇಂದ್ರ ಆರಂಭವಾಯಿತು. ಅದು ಇಂದಿಗೂ ಇದೆ.

ಕಾವಲುಗಳ ಲೆಕ್ಕ, ಹೋರಿಗಳ ಲೆಕ್ಕ ಸರ್ಕಾರದ ಕಾಗದಗಳಲ್ಲಿದೆ. ಮನೆಮನೆಯಲ್ಲಿ ಕರು ಸಾಕಿದ, ಹಿಂಡಿ-ಬೂಸಾ ಕಲಸಿದ ಹೆಂಗಸರ ಲೆಕ್ಕ ಬರೆದವರಿಲ್ಲ. ಜಾತ್ರೆಯ ಹಿಂದಿನ ರಾತ್ರಿ ಬೆಲ್ಲ ಕುಟ್ಟಿ, ಏಲಕ್ಕಿ, ಶುಂಠಿ ಪುಡಿಮಾಡಿ, ದಾರಿಬುತ್ತಿಗೆ ರೊಟ್ಟಿ ತಟ್ಟುವವರು ನಾವೇ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ ಗಂಡಸರ ಕೆಲಸ. ಹೊರಡುವ ಮುನ್ನ ಎತ್ತಿನ ಹಣೆಗೆ ಕುಂಕುಮವಿಟ್ಟು ಆರತಿ ಎತ್ತುವುದು ಮಾತ್ರ ಮನೆಯೊಡತಿಯ ಹಕ್ಕು. ಹುಡುಗರು ಪಂದ್ಯ ಕಟ್ಟಿದವರಂತೆ ಗಾಡಿ ಓಡಿಸಿದರೆ ನಮ್ಮಜ್ಜಿ ಗದರುತ್ತಿದ್ದರು: "ಅಮ್ಮನಿಗೆ ಬೇಕಾದ್ದು ಪಾನಕ ಕಣ್ರೋ, ಎತ್ತಿನ ಬಾಯಿನೊರೆ ಅಲ್ಲ!"

ಈಗ ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ಮೇವಿನ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹಟ್ಟಿ ಇದ್ದ ಜಾಗದಲ್ಲಿ ಬೈಕು ನಿಂತಿದೆ. ಆದರೂ ಜಾತ್ರೆಗೆ ಬಂಡಿ ಕಟ್ಟಬೇಕೆಂಬ ಒಂದೇ ಕಾರಣಕ್ಕೆ ವರ್ಷವಿಡೀ ಜೋಡೆತ್ತು ಸಾಕುವ ಮನೆಗಳನ್ನು ನಾನು ಬಲ್ಲೆ. "ಏನು ಲಾಭ?" ಎಂದು ಒಬ್ಬಾಕೆಯನ್ನು ಕೇಳಿದೆ. "ಲಾಭ ನೋಡಿದ್ರೆ ಹಬ್ಬಾನೇ ಮಾಡಬಾರದು ಕಣಕ್ಕಾ" ಅಂದಳು.

ಅರಸರು ಹೋದರು, ಫಿರಂಗಿಗಳು ಹೋದವು. ಅವನ್ನೆಳೆದ ತಳಿಯ ಎತ್ತುಗಳನ್ನು ಒಂದು ಕೊಡ ಪಾನಕದ ನೆಪದಲ್ಲಿ ಉಳಿಸಿಕೊಂಡವರು ಇಂಥ ಮನೆಯವರು. ಆ ನೆಪ ತಪ್ಪಿದ ವರ್ಷ ಅವರ ಹಟ್ಟಿಯೂ ಬರಿದಾಗುತ್ತದೆ.