ಗಾಳಿಯನ್ನು ಸೀಳುವ ಸೈಕಲ್ಲು

ಆಷಾಢದಲ್ಲಿ ನಮ್ಮ ಆನಗೋಡಿನಿಂದ ದಾವಣಗೆರೆಯ ಕಡೆಗೆ ಸೈಕಲ್ ತುಳಿದವರಿಗೆ ಗಾಳಿಯೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಕನ್ನಡದ ಮೇಷ್ಟರು. ಯಂತ್ರಶಾಸ್ತ್ರ ನನ್ನ ಪಾಠವಲ್ಲ. ಆದರೂ ಒಂದು ಲೆಕ್ಕ ನನ್ನನ್ನು ಬೆರಗುಗೊಳಿಸಿದೆ. ವೇಗ ಎರಡರಷ್ಟಾದರೆ ಗಾಳಿಯ ಅಡ್ಡಿ ನಾಲ್ಕರಷ್ಟಾಗುತ್ತದೆ. ಅದನ್ನು ಗೆಲ್ಲಲು ತುಳಿಯುವ ಶಕ್ತಿಯೋ ಎಂಟರಷ್ಟು ಬೇಕು. ಗುಂಪಿನಲ್ಲಿ ಓಡುವವನು ಮುಂದಿನವನ ಬೆನ್ನ ಮರೆಯಲ್ಲಿ ಬಚಾವಾಗುತ್ತಾನೆ. ಗಡಿಯಾರದೊಡನೆ ಒಬ್ಬನೇ ಹೋರಾಡುವವನಿಗೆ, ಟ್ರ್ಯಾಕಿನ ಆಚೆ ಬದಿಯಿಂದ ಹೊರಟ ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗುವವನಿಗೆ ಆ ಮರೆಯೂ ಇಲ್ಲ.

1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಎಂಬಾತ 'ರೋವರ್' ಸೈಕಲ್ಲನ್ನು ಹೊರತಂದ ಮೇಲೆ, ಸಮಚಕ್ರಗಳ ನಡುವೆ ಕೊಳವೆಗಳ ತ್ರಿಕೋನ ನೆಲೆನಿಂತಿತು. ಮೂರು ವರ್ಷದಲ್ಲೇ, 1888ರಲ್ಲಿ, ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. 1941ರಲ್ಲಿ ಹರಿಹರದಲ್ಲಿ ಹುಟ್ಟಿ, ಲೇತುಗಳಿಗೆ ಹೆಸರಾಗಿ, ಈಗ ಮುಚ್ಚಿಹೋಗಿರುವ ಕಾರ್ಖಾನೆಯ ಬೇರು ಆ ಅಂಗಡಿಯಲ್ಲಿತ್ತೆಂಬುದನ್ನು ನಮ್ಮವರೇ ಮರೆತಿದ್ದೇವೆ.

ಬಹುಕಾಲ ಓಟದ ಸೈಕಲ್ಲನ್ನು ಹಗುರಮಾಡುವುದೇ ಜಾಣತನವೆನಿಸಿತ್ತು. 1972ರಲ್ಲಿ ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ ಮೆಕ್ಸಿಕೋದಲ್ಲಿ ಒಂದು ಗಂಟೆಗೆ 49.431 ಕಿಲೋಮೀಟರ್ ಹೋದದ್ದು ಆರು ಕಿಲೋ ಸಹ ತೂಗದ ಸೈಕಲ್ಲಿನ ಮೇಲೆ. 1984ರಲ್ಲಿ ಇಟಲಿಯ ಮೋಸರ್ ಅರೆಗಳಿಲ್ಲದ ತಟ್ಟೆಚಕ್ರ ಹಾಕಿಸಿ 51.151 ಕಿಲೋಮೀಟರ್ ಮುಟ್ಟಿದ. ಶತ್ರು ಭಾರವಲ್ಲ, ಗಾಳಿ ಎಂಬುದು ಆಗ ಎಲ್ಲರಿಗೂ ಹೊಳೆಯಿತು. ಮುಂದಿನ ಚಕ್ರ ಚಿಕ್ಕದಾಯಿತು, ಮೇಲಿನ ಕೊಳವೆ ಮುಂದಕ್ಕೆ ಇಳಿಯಿತು, ಸವಾರ ಬಗ್ಗಿದ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕ್ರಿಸ್ ಬೋರ್ಡ್‌ಮನ್ ಏರಿದ ಲೋಟಸ್ ಸೈಕಲ್ಲಿನಲ್ಲಿ ಕೊಳವೆಗಳೇ ಇರಲಿಲ್ಲ. ಮೈಕ್ ಬರೋಸ್‌ರ ಕಲ್ಪನೆಯಂತೆ ಇಂಗಾಲದ ನಾರಿನಲ್ಲಿ ಎರಕಹೊಯ್ದಂಥ ಒಂದೇ ಮೈ. ಫೈನಲ್‌ನಲ್ಲಿ ಆತ ಎದುರಾಳಿಯನ್ನು ಹಿಡಿದು ದಾಟಿಯೇ ಹೋದ.

ನನಗೆ ಪ್ರಿಯನಾದವನು ಮಾತ್ರ ಸ್ಕಾಟ್ಲೆಂಡಿನ ಗ್ರೇಮ್ ಒಬ್ರಿ. ಸೈಕಲ್ಲನ್ನು ತಾನೇ ಕಟ್ಟಿದ. ಬಟ್ಟೆ ಒಗೆಯುವ ಯಂತ್ರದ ಬೇರಿಂಗನ್ನು ಅದಕ್ಕೆ ಹೊಂದಿಸಿದ. ತೋಳುಗಳನ್ನು ಹಕ್ಕಿ ರೆಕ್ಕೆ ಮಡಚಿದಂತೆ ಎದೆಯಡಿ ಮಡಚಿ ಕೂತ. 1993ರ ಜುಲೈಯಲ್ಲಿ ನಾರ್ವೆಯ ಹಾಮರ್‌ನಲ್ಲಿ ಮೊದಲ ದಿನ ಸೋತು, ಮರುದಿನವೇ 51.596 ಕಿಲೋಮೀಟರ್ ಹೋಗಿ ದಾಖಲೆ ಮುರಿದ. ವಾರದೊಳಗೆ ಬೋರ್ಡ್‌ಮನ್ ಅದನ್ನೂ ಮುರಿದದ್ದು ಬೇರೆ ಮಾತು. ಆದರೆ 1994ರ ವಿಶ್ವ ಸ್ಪರ್ಧೆಯಲ್ಲಿ ಅಧಿಕಾರಿಗಳು ಆ ಭಂಗಿಯನ್ನೇ ನಿಷೇಧಿಸಿ ಅವನನ್ನು ಅನರ್ಹಗೊಳಿಸಿದರು. ಆತ ಸುಮ್ಮನಿರದೆ ಕೈಗಳನ್ನು ಮುಂದಕ್ಕೆ ಚಾಚುವ ಹೊಸ ಭಂಗಿ ಹೂಡಿ 1995ರಲ್ಲಿ ಮತ್ತೆ ವಿಶ್ವವಿಜೇತನಾದ. ಮುಂದೆ ಅದಕ್ಕೂ ತಡೆ ಬಂತು.

1996ರ ಲುಗಾನೋ ಸನ್ನದು ಯಂತ್ರಕ್ಕಿಂತ ಮನುಷ್ಯ ಮುಖ್ಯವೆಂದಿತು. ಅದರ ಬೆನ್ನಲ್ಲೇ ಹಳೆಯ ತ್ರಿಕೋನ ಕಡ್ಡಾಯವಾಯಿತು. ಗಂಟೆಯ ದಾಖಲೆಗೆ ಮರ್ಕ್ಸ್ ಕಾಲದಂಥ ಸೈಕಲ್ಲೇ ಬೇಕೆಂದಾಯಿತು. ಮಾತು ನ್ಯಾಯವಾದದ್ದೇ. ಆದರೆ ಗುಡಿಸಲಿನ ಕುಶಲಿಗನಿಗೂ ಕೋಟಿಗಟ್ಟಲೆ ಸುರಿಯುವ ಕಂಪನಿಗೂ ಒಂದೇ ಬೀಗ ಹಾಕಿದ್ದು ನನಗೆ ಒಪ್ಪಿಗೆಯಾಗದು.

ಆ ನಿಯಮದಿಂದ ಒಂದು ಉಪಕಾರವಾಯಿತು: ಚೌಕಟ್ಟು ಮತ್ತು ಭಂಗಿಗಳ ಬೆಲೆ ಸ್ಥೂಲವಾಗಿಯಾದರೂ ತೂಕಕ್ಕೆ ಸಿಕ್ಕಿತು. 1996ರಲ್ಲಿ ತನಗಿಷ್ಟವಾದ ಯಂತ್ರದ ಮೇಲೆ 56.375 ಕಿಲೋಮೀಟರ್ ಹೋಗಿದ್ದ ಬೋರ್ಡ್‌ಮನ್, 2000ದಲ್ಲಿ ಹಳೆಯ ಮಾದರಿಯ ಸೈಕಲ್ ಏರಿ 49.441 ಕಿಲೋಮೀಟರ್ ಹೋದ. ಮರ್ಕ್ಸ್‌ಗಿಂತ ಹತ್ತೇ ಮೀಟರ್ ಮುಂದೆ! ಉಳಿದ ಏಳು ಕಿಲೋಮೀಟರು ಎಂದರೆ ಆನಗೋಡಿನಿಂದ ದಾವಣಗೆರೆಗೆ ಹೆಚ್ಚುಕಡಿಮೆ ಅರ್ಧ ದಾರಿ. 2014ರಲ್ಲಿ ಆ ಕಟ್ಟು ಸಡಿಲಿಸಿದರು. 2022ರಲ್ಲಿ ಇಟಲಿಯ ಗನ್ನಾ, ಲೋಹದ ಪುಡಿಯಿಂದ ಪದರ ಪದರವಾಗಿ ಮುದ್ರಿಸಿದ ಚೌಕಟ್ಟಿನ ಮೇಲೆ 56.792 ಕಿಲೋಮೀಟರ್ ಹೋದ.