ಮಿದುಳಿನ ರಕ್ತಪ್ರವಾಹದ ಎಂಆರ್‌ಐ ಮಾಪನ: ನಿಖರತೆಯ ಚರಿತ್ರೆ

ಮಿದುಳಿನ ಪ್ರತಿ 100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಸೇರುತ್ತದೆ ಎಂಬುದೇ ಇಲ್ಲಿನ ಅಳತೆ. ಆರೋಗ್ಯವಂತ ವಯಸ್ಕರಲ್ಲಿ ಅದು ಸರಾಸರಿ 50ರ ಆಸುಪಾಸು. ಮನುಷ್ಯರಲ್ಲಿ ಇದನ್ನು ನಂಬುವಂತೆ ಅಳೆದು ತೋರಿಸಿದವರು 1940ರ ದಶಕದಲ್ಲಿ ಅಮೆರಿಕದ ಸೀಮೋರ್ ಕೆಟಿ ಮತ್ತು ಕಾರ್ಲ್ ಷ್ಮಿಟ್. ನೈಟ್ರಸ್ ಆಕ್ಸೈಡ್ ಉಸಿರಾಡಿಸಿ, ಅಪಧಮನಿಯಿಂದಲೂ ಕತ್ತಿನ ಅಭಿಧಮನಿಯಿಂದಲೂ ರಕ್ತ ತೆಗೆದು ಲೆಕ್ಕ ಹಾಕುತ್ತಿದ್ದರು. ಇಡೀ ಮಿದುಳಿಗೆ ಸಿಗುತ್ತಿದ್ದುದು ಒಂದೇ ಸಂಖ್ಯೆ. ಯಾವ ಭಾಗಕ್ಕೆ ರಕ್ತ ಕಡಿಮೆ ಎಂಬುದು ಅದರಿಂದ ತಿಳಿಯುತ್ತಿರಲಿಲ್ಲ.

ಭಾಗ ಭಾಗವಾಗಿ ನೋಡಲು ನೆರವಾದ ವಿಧಾನಗಳಲ್ಲಿ ಎಂಆರ್‌ಐಯೂ ಒಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದ ಅನಿಲ್ ಕುಮಾರ್ ಅವರು ಡೀಟರ್ ವೆಲ್ಟಿ, ರಿಚರ್ಡ್ ಅರ್ನ್ಸ್ಟ್ ಜೊತೆಗೂಡಿ 1975ರಲ್ಲಿ ಪ್ರಕಟಿಸಿದ ಫೂರಿಯೇ ಚಿತ್ರಣ ವಿಧಾನ ಇಂದಿನ ಸ್ಕ್ಯಾನರುಗಳ ತಳಹದಿ. ಅನಿಲ್ ಕುಮಾರ್ ಅವರ ಹೆಸರು ಕನ್ನಡ ನಾಡಿನಲ್ಲಿ ಇನ್ನೂ ಪರಿಚಿತವಾಗಬೇಕು.

1990ರ ಹೊತ್ತಿಗೆ ಗ್ಯಾಡೋಲಿನಿಯಂ ಎಂಬ ಲೋಹವಿರುವ ಚುಚ್ಚುಮದ್ದು ಕೊಟ್ಟು ರಕ್ತದ ಹರಿವನ್ನು ಚಿತ್ರಿಸಲಾಯಿತು. 1992ರಲ್ಲಿ ಜಾನ್ ಡೆಟ್ರೆ, ಡೊನಾಲ್ಡ್ ವಿಲಿಯಮ್ಸ್, ಅಲನ್ ಕೊರೆಟ್‌ಸ್ಕಿ ಮೊದಲಾದವರು ಚುಚ್ಚುಮದ್ದೇ ಬೇಡದ ದಾರಿ ತೋರಿಸಿದರು. ಕತ್ತಿನಲ್ಲಿ ಮೇಲೇರುವ ರಕ್ತದಲ್ಲಿನ ನೀರಿಗೆ ರೇಡಿಯೋ ತರಂಗದಿಂದ ಕಾಂತೀಯ ಗುರುತು ಹಾಕುವುದು, ಅದು ಮಿದುಳು ತಲುಪಿದ ಮೇಲೆ ಚಿತ್ರ ತೆಗೆಯುವುದು, ಗುರುತಿಲ್ಲದ ಚಿತ್ರದಿಂದ ಅದನ್ನು ಕಳೆಯುವುದು: ಇದೇ ಆರ್ಟೀರಿಯಲ್ ಸ್ಪಿನ್ ಲೇಬಲಿಂಗ್, ಅಂದರೆ ಎಎಸ್‌ಎಲ್. ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಶೇ. 1ರಷ್ಟೇ. ರೋಗಿ ತಲೆ ಸ್ವಲ್ಪ ಅಲುಗಿಸಿದರೂ ಅದು ಕೆಟ್ಟೀತು. ಆದ್ದರಿಂದ ಹತ್ತಾರು ಜೋಡಿ ಚಿತ್ರ ತೆಗೆದು ಸರಾಸರಿ ಹಿಡಿಯುತ್ತಾರೆ.

ನಿಖರತೆಯ ನಿಜವಾದ ತೊಡಕು ಕಾಲದ್ದು. ಗುರುತು ಕೆಲವೇ ಸೆಕೆಂಡುಗಳಲ್ಲಿ ಮಾಸುತ್ತದೆ. ಬೇಗ ಚಿತ್ರ ತೆಗೆದರೆ ರಕ್ತ ಇನ್ನೂ ನಾಳದಲ್ಲೇ ಇರುತ್ತದೆ; ತಡವಾದರೆ ಗುರುತೇ ಉಳಿಯದು. ಕತ್ತಿನ ನಾಳ ಕಿರಿದಾದ ವೃದ್ಧರಲ್ಲಿ ರಕ್ತ ನಿಧಾನವಾಗಿ ತಲುಪುವುದರಿಂದ, ಹರಿವು ಸಾಕಷ್ಟಿದ್ದರೂ ಕಡಿಮೆಯೆಂದು ತೋರುತ್ತದೆ. 1996ರಲ್ಲಿ ಡೇವಿಡ್ ಆಲ್ಸಪ್ ಮತ್ತು ಡೆಟ್ರೆ, ಗುರುತು ಹಾಕಿದ ಮೇಲೆ ಬೇಕೆಂದೇ ಕಾಯುವ ಉಪಾಯ ಸೂಚಿಸಿದರು. 2015ರ ಅಂತಾರಾಷ್ಟ್ರೀಯ ಒಮ್ಮತದ ಶಿಫಾರಸು ಆರೋಗ್ಯವಂತ ವಯಸ್ಕರಿಗೆ 1800, ಎಪ್ಪತ್ತು ದಾಟಿದವರಿಗೂ ರೋಗಿಗಳಿಗೂ 2000 ಮಿಲಿಸೆಕೆಂಡ್ ಕಾಯುವಿಕೆಯನ್ನು ನಿಗದಿಪಡಿಸಿತು. ಹಲವು ಕಾಯುವಿಕೆಗಳಲ್ಲಿ ಅಳೆದರೆ ರಕ್ತ ತಲುಪುವ ಹೊತ್ತೂ ತಿಳಿಯುತ್ತದೆ.

ಇನ್ನೊಂದು ತೊಡಕು ರಕ್ತದ್ದೇ. ಅದನ್ನು ನಾವು ಹೆಚ್ಚು ಗಂಭೀರವಾಗಿ ಎಣಿಸಬೇಕು. 3 ಟೆಸ್ಲಾ ಕಾಂತಬಲದ ಯಂತ್ರದಲ್ಲಿ ಗುರುತು ಮಾಸುವ ಕಾಲವನ್ನು ಎಲ್ಲರಿಗೂ 1650 ಮಿಲಿಸೆಕೆಂಡ್ ಎಂದೇ ಹಿಡಿಯುವುದು ರೂಢಿ. ರಕ್ತಹೀನತೆಯಲ್ಲಿ ಕೆಂಪು ಕಣ ಕಡಿಮೆಯಿರುವುದರಿಂದ ಗುರುತು ಹೆಚ್ಚು ಹೊತ್ತು ಉಳಿಯುತ್ತದೆ. ಹರಿವನ್ನು ಲೆಕ್ಕ ಹಾಕುವ ರೂಢಿಯ ಸೂತ್ರ ಆಗ ಅದನ್ನು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ. ರಕ್ತಹೀನತೆಯಲ್ಲಿ ಮಿದುಳಿನ ಹರಿವು ನಿಜಕ್ಕೂ ಏರಿರುವುದುಂಟು. ನಿಜವಾದ ಏರಿಕೆ ಎಷ್ಟು, ಲೆಕ್ಕದ ತಪ್ಪು ಎಷ್ಟು ಎಂದು ಬೇರ್ಪಡಿಸುವುದೇ ಕಷ್ಟ.

ಪಾರ್ಶ್ವವಾಯು, ಮರೆವಿನ ಕಾಯಿಲೆ ಎಂದು ತುಮಕೂರು, ಗುಬ್ಬಿ, ಕುಣಿಗಲ್‌ಗಳಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರುವವರ ಮಟ್ಟಿಗೆ ಇದು ದೂರದ ಚರ್ಚೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆ. ಸ್ಕ್ಯಾನಿನ ದಿನವೇ ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಪರೀಕ್ಷೆ ಮಾಡಿಸಿ ಆ ಸಂಖ್ಯೆಯನ್ನು ಸೂತ್ರಕ್ಕೆ ಸೇರಿಸಿದರೆ ಈ ತಪ್ಪು ಬಹುಮಟ್ಟಿಗೆ ತಗ್ಗುತ್ತದೆ. ಅದಕ್ಕೆ ಬೇಕಾದ್ದು ಸಾಮಾನ್ಯ ಲ್ಯಾಬಿನಲ್ಲೂ ಆಗುವ ಒಂದು ರಕ್ತಪರೀಕ್ಷೆ.