ಸತ್ತೂರಿನ ಕಲ್ಲಿಗೆ ವಯಸ್ಸೆಷ್ಟು?

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ದಾರಿಯಲ್ಲಿ ಸತ್ತೂರ ಸಿಗುತ್ತೆ. ದೊಡ್ಡ ಆಸ್ಪತ್ರೆ ಇರೋ ಊರು ಅಂತ ಎಲ್ಲರಿಗೂ ಗೊತ್ತು. ಆದರೆ ಆ ಊರಿನ ಕೆಳಗಿರುವ ಕಲ್ಲಿಗೆ ಜಗತ್ತಿನ ಭೂವಿಜ್ಞಾನಿಗಳೆಲ್ಲ ಧಾರವಾಡದ ಹೆಸರನ್ನೇ ಹೇಳ್ತಾರೆ. 1880ರ ದಶಕದಲ್ಲಿ ಆ ಹೆಸರಿಟ್ಟವನು ರಾಬರ್ಟ್ ಬ್ರೂಸ್ ಫೂಟ್. ಚಿನ್ನ ಸಿಗುವ ಕಲ್ಲಿನ ಸಾಲುಗಳನ್ನು ಗುರುತಿಸುತ್ತಾ ಓಡಾಡಿದವನು. ಬಾಗಲಕೋಟೆ ಕಡೆಯ ಕಲಾದಗಿ ಕಲ್ಲಿಗಿಂತ ಇದು ಹಳೆಯದು ಅಂತ ಅವನಿಗೆ ಗೊತ್ತಾಗಿತ್ತು. ಎಷ್ಟು ಹಳೆಯದು? ಹೇಳೋಕೆ ಸಾಧನವೇ ಇರಲಿಲ್ಲ. ವಿಕಿರಣಶೀಲತೆ ಪತ್ತೆಯಾಗಿದ್ದೇ 1896ರಲ್ಲಿ.

ಆ ಕಾಲದ ಇಂಗ್ಲಿಷ್ ಬೈಬಲ್‌ಗಳ ಅಂಚಿನಲ್ಲಿ ಸೃಷ್ಟಿಯ ಇಸವಿಯೂ ಅಚ್ಚಾಗುತ್ತಿತ್ತು, ಕ್ರಿಸ್ತಪೂರ್ವ 4004. ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಬೈಬಲ್ಲಿನ ವಂಶಾವಳಿಗಳನ್ನು ಕೂಡಿಸಿ ತೆಗೆದ ಲೆಕ್ಕ. ಕೇಳಿದರೆ ನಾವು ನಗ್ತೀವಿ. ಆಮೇಲೆ ವಾಟ್ಸಾಪ್‌ನಲ್ಲಿ ಏನು ಹಂಚ್ತೀವಿ? ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ಭೂಮಿಯ ವಯಸ್ಸು 454 ಕೋಟಿ, ನೋಡಿ, ನಮ್ಮವರಿಗೆ ಮೊದಲೇ ಗೊತ್ತಿತ್ತು! ಜೊತೆಗೆ ಕಾರ್ಲ್ ಸೇಗನ್ ಫೋಟೊ. ಇದು ಕಾಕತಾಳೀಯ ಅಂತ ಸೇಗನ್ ಅದೇ ವಾಕ್ಯದಲ್ಲಿ ಹೇಳಿದ್ದನ್ನು ಮಾತ್ರ ಫಾರ್ವರ್ಡ್ ಮಾಡೋರು ಕತ್ತರಿಸಿರ್ತಾರೆ.

ಸ್ವಲ್ಪ ತಡೀರಿ. 432 ಕೋಟಿ ಅನ್ನೋದು ಪೂರ್ತಿ ಹಗಲು. ಪೂಜೆಗೆ ಕೂತಾಗ ಸಂಕಲ್ಪದಲ್ಲಿ ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ ಅಂತೀವಲ್ಲ, ಆ ಲೆಕ್ಕದಲ್ಲಿ ಈವರೆಗೆ ಕಳೆದಿರೋದು ಸುಮಾರು 197 ಕೋಟಿ ವರ್ಷ ಅಷ್ಟೇ. ಸತ್ತೂರಿನ ಕಲ್ಲು 250 ಕೋಟಿಗೂ ಹಳೆಯದು! ಇನ್ನು 22 ಕೋಟಿ ವರ್ಷದ ವ್ಯತ್ಯಾಸ ಯಾವ ಮಹಾ ಅಂತೀರಾ? ಗೊಂಡ್ವಾನ ಎಂಬ ಮಹಾಖಂಡ ಒಡೆದಿದ್ದು, ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾಗಿದ್ದು (ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬದಂಥ ಕಲ್ಲುಗಳು ಆಗಿನವು), ಭಾರತ ತೇಲಿ ಹೋಗಿ ಏಷ್ಯಾಕ್ಕೆ ಡಿಕ್ಕಿ ಹೊಡೆದು ಹಿಮಾಲಯ ಎದ್ದಿದ್ದು, ಎಲ್ಲವೂ ಆ 22 ಕೋಟಿಯೊಳಗೇ ಮುಗಿದುಹೋಗುತ್ತೆ. ಪುರಾಣಕ್ಕೆ ಲ್ಯಾಬಿನಿಂದ ಮಾರ್ಕ್ಸ್ ಕೊಡಿಸೋ ಚಟ ನಮಗ್ಯಾಕೆ?

ಹುಬ್ಬಳ್ಳಿ-ಧಾರವಾಡ ಸುತ್ತಲಿನ ಬಹಳಷ್ಟು ಕಲ್ಲು ಒಂದು ಕಾಲದಲ್ಲಿ ನೀರಿನ ತಳದ ಕೆಸರು, ಮರಳು. ನೋಡಿ, ಪ್ರಳಯ ಆಗಿತ್ತು ಅಂತ ಯಾರಾದರೂ ಕುಣಿಯಬಹುದು. ಆದರೆ ಪ್ರವಾಹದ ಕೆಸರು ಚಪ್ಪಟೆಯಾಗಿ ಕೂರುತ್ತೆ. ಇಲ್ಲಿನ ಪದರುಗಳು ಓರೆಯಾಗಿ, ಎಷ್ಟೋ ಕಡೆ ಗೋಡೆಯಂತೆ ನೆಟ್ಟಗೆ ನಿಂತಿವೆ. ಕೆಸರು ಮೊದಲು ಕಲ್ಲಾಗಬೇಕು, ಆಳಕ್ಕಿಳಿದು ಬಿಸಿಯಾಗಬೇಕು, ಅಕ್ಕಪಕ್ಕದಿಂದ ಒತ್ತಡ ಬಿದ್ದು ಮಡಚಬೇಕು, ಮತ್ತೆ ಮೇಲೆ ಬರಬೇಕು. ನೋವಾನ ಜಲಪ್ರಳಯಕ್ಕೆ ಬೈಬಲ್ ಕೊಟ್ಟಿರೋದು ಹೆಚ್ಚುಕಡಿಮೆ ಒಂದು ವರ್ಷ. ಸಾಲೋದಿಲ್ಲ.

ವಯಸ್ಸು ಹೇಳೋದು ಜಿರ್ಕಾನ್ ಎಂಬ ಪುಟ್ಟ ಹರಳು. ಅದರೊಳಗಿನ ಯುರೇನಿಯಂ ನಿಧಾನಕ್ಕೆ ಸೀಸವಾಗುತ್ತೆ. ಅರ್ಧ ಕರಗೋಕೆ 447 ಕೋಟಿ ವರ್ಷ. ಎರಡನ್ನೂ ಅಳೆದು ಭಾಗಿಸಿ ವಯಸ್ಸು ತೆಗೀತಾರೆ. ಅಷ್ಟು ಹಿಂದೆ ಭೂಫಲಕಗಳು ಇವತ್ತಿನ ಥರವೇ ಚಲಿಸುತ್ತಿದ್ದವಾ? ಈ ಬಗ್ಗೆ ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ. ಒಬ್ಬರು ಹೌದು ಅಂತಾರೆ, ಇನ್ನೊಬ್ಬರು ಇಲ್ಲ ಅಂತಾರೆ, ಇಬ್ಬರೂ ಸಾಕ್ಷಿ ಹುಡುಕೋಕೆ ಸುತ್ತಿಗೆ ಹಿಡಿದು ಇದೇ ಧಾರವಾಡದ ಕಲ್ಲಿನ ಹತ್ತಿರ ಬರ್ತಾರೆ.